ನೀರಿನಿಂದ ನೆಲಕ್ಕೆ ಬಂದ ಕಶೇರುಕಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಜೀವವಿಕಾಸದ ಬಗ್ಗೆ ಮಾತು ಬಂದಾಗಲೆಲ್ಲ, ಪತ್ರಗಳಲ್ಲೂ ಪ್ರತಿಕ್ರಿಯೆಗಳಲ್ಲೂ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಡಲಾಗಿದೆ. ಶಾಲಾ ಮಕ್ಕಳು ಕೇಳುವಂಥವು ಮೊದಲು ಬಂದಿವೆ, ಜೀವವಿಜ್ಞಾನ ಓದುವವರು ಕೇಳುವಂಥವು ಕೊನೆಯಲ್ಲಿವೆ. ಯಾವ ಉತ್ತರವನ್ನು ಬೇಕಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪ್ರಶ್ನೆಗಳು

ಒಂದು ಮೀನು ದಡಕ್ಕೆ ಹತ್ತಿತು, ಅದರ ಮರಿಗಳು ಕಪ್ಪೆಗಳಾದವು. ಹೀಗೇ ತಾನೇ ನಡೆದದ್ದು?

ಹೀಗಲ್ಲ. ಪಠ್ಯಪುಸ್ತಕದ ಚಿತ್ರಗಳಲ್ಲಿ ಮರಳಿನ ಮೇಲೆ ಮೊದಲ ಹೆಜ್ಜೆ ಇಡುವ ಆ ಧೈರ್ಯಶಾಲಿ ಮೀನು ಎಂದೂ ಇರಲಿಲ್ಲ. ಸುಮಾರು 38.5 ಕೋಟಿ ವರ್ಷಗಳ ಹಿಂದಿನಿಂದ 32 ಕೋಟಿ ವರ್ಷಗಳ ಹಿಂದಿನವರೆಗೆ, ಅಸಂಖ್ಯ ಪೀಳಿಗೆಗಳಲ್ಲಿ, ಅನೇಕ ಕವಲುಗಳಲ್ಲಿ ಹಂತಹಂತವಾಗಿ ಆದ ಬದಲಾವಣೆ ಇದು. ಗಟ್ಟಿ ಮೂಳೆಯ ಈಜುರೆಕ್ಕೆ, ಕುತ್ತಿಗೆ, ಬೆರಳು, ಒಣನೆಲದಲ್ಲಿ ಇಡಬಹುದಾದ ಮೊಟ್ಟೆ ಇವೆಲ್ಲ ಒಟ್ಟಿಗೆ ಬರಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ನಡುವೆ ಲಕ್ಷಾಂತರ, ಕೆಲವೊಮ್ಮೆ ಕೋಟ್ಯಂತರ ವರ್ಷಗಳ ಅಂತರವಿದೆ. ನೆಲದ ಬದುಕಿಗೆಂದೇ ಹುಟ್ಟಿದವು ಎಂದು ನಾವು ಭಾವಿಸುವ ಅಂಗಗಳಲ್ಲಿ ಹೆಚ್ಚಿನವು ರೂಪುಗೊಂಡದ್ದು ನೀರಿನಲ್ಲಿ, ನೀರಿನ ಬದುಕಿನ ಅಗತ್ಯಗಳಿಗಾಗಿ. ಈ ಪುಟದ ಹಲವು ಉತ್ತರಗಳಿಗೆ ಇದೇ ಆಧಾರ.

ಆಗ ನೆಲದ ಮೇಲೆ ಏನಿತ್ತು? ಬರೀ ಬಂಡೆಯೇ?

ಈ ಕಥೆ ಶುರುವಾಗುವ ಡೆವೋನಿಯನ್ ಯುಗ ನಡೆದದ್ದು ಸುಮಾರು 41.9 ಕೋಟಿಯಿಂದ 35.9 ಕೋಟಿ ವರ್ಷಗಳ ಹಿಂದೆ. ಕಶೇರುಕಗಳು, ಅಂದರೆ ಬೆನ್ನುಮೂಳೆಯುಳ್ಳ ಪ್ರಾಣಿಗಳು, ಬರುವ ಹೊತ್ತಿಗೆ ನೆಲ ಬರಿದಾಗಿರಲಿಲ್ಲ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಬಿಸಿನೀರಿನ ಬುಗ್ಗೆಗಳ ಸಿಲಿಕಾದಲ್ಲಿ ಹುದುಗಿಹೋದ, 40 ಕೋಟಿ ವರ್ಷಕ್ಕೂ ಹಳೆಯದಾದ ಒಂದು ಪುಟ್ಟ ಜೀವಲೋಕವೇ ಉಳಿದುಕೊಂಡಿದೆ. ಅಲ್ಲಿ ಗೇಣುದ್ದದ ಎಲೆಯಿಲ್ಲದ ಗಿಡಗಳಿವೆ, ಶಿಲೀಂಧ್ರಗಳಿವೆ, ನುಸಿಗಳೂ ಜೇಡಗಳ ದೂರದ ಬಂಧುಗಳೂ ಇವೆ. ಡೆವೋನಿಯನ್‌ನ ಕೊನೆಯ ಹೊತ್ತಿಗೆ ಆರ್ಕಿಯಾಪ್ಟೆರಿಸ್ ಎಂಬ ಮರಗಳು ನದಿಬಯಲುಗಳಲ್ಲಿ ಕಾಡಾಗಿ ಹಬ್ಬಿದ್ದವು. ಅವುಗಳ ಎಲೆ, ಕೊಂಬೆ, ಬೇರು ನೀರಿಗೆ ಬಿದ್ದು ಕೊಳೆಯುತ್ತಿದ್ದವು. ಕಶೇರುಕಗಳಿಗೆ ಕಾಲು ಮೂಡಿದ ಕಥೆಯಲ್ಲಿ ಈ ಕಸಕಡ್ಡಿಗೂ ದೊಡ್ಡ ಪಾತ್ರವಿದೆ.

ಬಂಗುಡೆ, ಭೂತಾಯಿ, ಕಾಟ್ಲಾ ಇವೆಲ್ಲ ನಮ್ಮ ಪೂರ್ವಜರೇ?

ಪೂರ್ವಜರಲ್ಲ, ದೂರದ ದಾಯಾದಿಗಳು. ಮೂಳೆಮೀನುಗಳಲ್ಲಿ ಎರಡು ದೊಡ್ಡ ಕವಲುಗಳಿವೆ. ನಾವು ತಿನ್ನುವ ಮೀನುಗಳಲ್ಲಿ ಬಹುಪಾಲು ಕಡ್ಡಿರೆಕ್ಕೆಯ ಕವಲಿಗೆ ಸೇರಿದವು, ಅವುಗಳ ಈಜುರೆಕ್ಕೆ ತೆಳು ಕಡ್ಡಿಗಳಿಂದ ಬಿಡಿಸಿದ ಬೀಸಣಿಗೆಯಂತಿರುತ್ತದೆ. ಇನ್ನೊಂದು ಮಾಂಸಲ ರೆಕ್ಕೆಯ ಕವಲು. ಇವುಗಳ ರೆಕ್ಕೆಯ ಬುಡದಲ್ಲಿ ಒಂದು ಮೂಳೆ, ಅದರ ಮುಂದೆ ಎರಡು, ಆಮೇಲೆ ಸಣ್ಣ ಮೂಳೆಗಳ ಗುಂಪು ಇರುತ್ತದೆ. ನಮ್ಮ ತೋಳು ಮುಂಗೈಗಳ ವಿನ್ಯಾಸವೂ ಇದೇ. ಈ ಕವಲಿನಲ್ಲಿ ಇಂದು ಉಳಿದಿರುವ ಮೀನುಗಳು ಸೀಲಕಾಂತ್ ಮತ್ತು ಶ್ವಾಸಕೋಶ ಮೀನುಗಳು ಮಾತ್ರ. ಡೈನೋಸಾರುಗಳ ಕಾಲದಲ್ಲೇ ಅಳಿದುಹೋಯಿತೆಂದು ನಂಬಿದ್ದ ಸೀಲಕಾಂತ್ 1938ರಲ್ಲಿ ದಕ್ಷಿಣ ಆಫ್ರಿಕಾದ ಕಡಲಿನಲ್ಲಿ ಬಲೆಗೆ ಬಿದ್ದಾಗ ಅದನ್ನೇ ನಮ್ಮ ಅತಿ ಹತ್ತಿರದ ಬಂಧುವೆಂದು ಹಲವರು ಎಣಿಸಿದ್ದರು. 2013ರಲ್ಲಿ ಅದರ ಜೀನೋಮ್ ಓದಿದ ಮೇಲೆ, ಆ ಸ್ಥಾನ ಶ್ವಾಸಕೋಶ ಮೀನಿಗೆ ಸಲ್ಲಬೇಕೆಂಬುದು ಖಚಿತವಾಯಿತು.

ನಮ್ಮ ಕರಾವಳಿಯ ಕಾಂಡ್ಲಾ (ಮ್ಯಾಂಗ್ರೋವ್) ಕೆಸರಿನಲ್ಲಿ ಕುಪ್ಪಳಿಸುವ ಮೀನುಗಳಿವೆಯಲ್ಲ, ಅವು ಈಗ ಕಪ್ಪೆಗಳಾಗುತ್ತಿವೆಯೇ?

ಅವು ಮಡ್‌ಸ್ಕಿಪ್ಪರ್‌ಗಳು. ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಓಡಾಡುತ್ತವೆ, ಒದ್ದೆ ಚರ್ಮದ ಮೂಲಕವೂ ಉಸಿರಾಡುತ್ತವೆ, ಕಣ್ಣು ಮಿಟುಕಿಸುತ್ತವೆ ಕೂಡ. ಆದರೆ ಅವು ಕಡ್ಡಿರೆಕ್ಕೆಯ ಕವಲಿನವು. ಆ ಕವಲು ನಮ್ಮದರಿಂದ ಬೇರೆಯಾಗಿ 40 ಕೋಟಿ ವರ್ಷಕ್ಕೂ ಹೆಚ್ಚು ಕಾಲವಾಗಿದೆ, ಅವು ತಮ್ಮದೇ ದಾರಿಯಲ್ಲಿ ದಡಕ್ಕೆ ಬಂದವು. ಕಪ್ಪೆಯಾಗುವುದು ಅವುಗಳ ಗುರಿಯಲ್ಲ. ವಿಕಾಸಕ್ಕೆ ಗುರಿಯೇ ಇಲ್ಲ. ಆದರೂ ಅವುಗಳಿಂದ ಕಲಿಯಬೇಕಾದ ಒಂದು ಪಾಠವಿದೆ: ಅರ್ಧ ನೀರು, ಅರ್ಧ ನೆಲದ ಬದುಕು ಯಾವುದೋ ಅಪೂರ್ಣ ಹಂತವಲ್ಲ, ಅದೇ ಒಂದು ಪೂರ್ಣ ಬದುಕು. ಡೆವೋನಿಯನ್‌ನ ಮಧ್ಯಂತರ ಪ್ರಾಣಿಗಳನ್ನೂ ಹಾಗೆಯೇ ನೋಡಬೇಕು.

ಮತ್ಸ್ಯ, ಕೂರ್ಮ, ವರಾಹ ಎಂದು ನಮ್ಮ ದಶಾವತಾರದಲ್ಲಿ ಇದನ್ನೇ ಹೇಳಿಲ್ಲವೇ?

ಕ್ರಮದಲ್ಲಿ ಹೋಲಿಕೆ ಕಾಣುತ್ತದೆ ನಿಜ. ಆದರೆ ವಿವರಗಳು ಹೊಂದುವುದಿಲ್ಲ. ಆಮೆ ಮೀನಿನ ನಂತರದ ಮೆಟ್ಟಿಲಲ್ಲ, ಅದು ಸರೀಸೃಪ. ಚಿಪ್ಪು ಅರ್ಧ ಮಾತ್ರ ಬೆಳೆದಿದ್ದ, ಚೀನಾದಲ್ಲಿ ಸಿಕ್ಕ ಪ್ರಾಚೀನ ಆಮೆಯ ಕಾಲ ಸುಮಾರು 22 ಕೋಟಿ ವರ್ಷಗಳ ಹಿಂದಿನದು, ಅಂದರೆ ಕಾಲುಳ್ಳ ಮೊದಲ ಕಶೇರುಕಗಳು ಬಂದು 14 ಕೋಟಿ ವರ್ಷಗಳಾದ ಮೇಲಿನದು. ಆಮೆಯ ಪೂರ್ವಜರು ಪೂರ್ತಿ ನೆಲವಾಸಿಗಳಾಗಿದ್ದವರು. ಪುರಾಣ ಹೇಳಲು ಹೊರಟಿರುವ ವಿಷಯವೇ ಬೇರೆ. ಅದರ ಮೇಲೆ ಪಳೆಯುಳಿಕೆಗಳ ಭಾರ ಹೇರಿದರೆ ಎರಡಕ್ಕೂ ನ್ಯಾಯ ಸಿಗುವುದಿಲ್ಲ.

## ಕಲ್ಲಿನಲ್ಲಿ ಉಳಿದ ಸಾಕ್ಷ್ಯ

ಎಲ್ಲರೂ ಟಿಕ್ಟಾಲಿಕ್, ಟಿಕ್ಟಾಲಿಕ್ ಎನ್ನುತ್ತಾರೆ. ಅದರಲ್ಲಿ ಅಂಥ ವಿಶೇಷವೇನು?

ಟಿಕ್ಟಾಲಿಕ್ ಎಂಬುದು ಮೀನಿಗೂ ಕಾಲುಳ್ಳ ಪ್ರಾಣಿಗೂ ನಡುವಿನ ರೂಪದ ಒಂದು ಪಳೆಯುಳಿಕೆ. ವಿಶೇಷ ಎರಡು: ಅದನ್ನು ಹುಡುಕಿದ ರೀತಿ ಮತ್ತು ಅದರ ದೇಹ.

ನೀಲ್ ಶುಬಿನ್, ಟೆಡ್ ಡೇಶ್ಲರ್, ಫಾರಿಶ್ ಜೆಂಕಿನ್ಸ್ ಅವರ ತಂಡ ಕುರುಡಾಗಿ ಅಗೆಯಲಿಲ್ಲ. ಸುಮಾರು 38 ಕೋಟಿ ವರ್ಷಗಳ ಹಿಂದಿನ ಪದರಗಳಲ್ಲಿ ಕಾಲಿನತ್ತ ಸಾಗುತ್ತಿದ್ದ ಮೀನುಗಳು ಸಿಕ್ಕಿದ್ದವು, ಸುಮಾರು 36.5 ಕೋಟಿ ವರ್ಷಗಳ ಹಿಂದಿನ ಪದರಗಳಲ್ಲಿ ಬೆರಳುಳ್ಳ ಪ್ರಾಣಿಗಳು ಸಿಕ್ಕಿದ್ದವು. ನಡುವಿನ ಕಾಲದ, ನದಿಯ ಹೂಳಿನಿಂದಾದ, ಈಗ ಮೇಲೆ ಕಾಣುವಂತಿರುವ ಬಂಡೆಗಳು ಎಲ್ಲಿವೆ ಎಂದು ಭೂವೈಜ್ಞಾನಿಕ ನಕ್ಷೆಗಳಲ್ಲಿ ನೋಡಿ, ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪವನ್ನು ಆರಿಸಿಕೊಂಡರು. ಇಂದು ಹಿಮದ ನಾಡಾಗಿರುವ ಆ ಪ್ರದೇಶ ಆಗ ಸಮಭಾಜಕ ವೃತ್ತದ ಸಮೀಪದಲ್ಲಿತ್ತು. ಹಲವು ಬೇಸಿಗೆಗಳ ನಿರಾಸೆಯ ನಂತರ 2004ರಲ್ಲಿ ಬಂಡೆಯಿಂದ ಚಪ್ಪಟೆ ಮೂತಿಯೊಂದು ಹೊರಗೆ ಇಣುಕಿತು. 2006ರಲ್ಲಿ ಅದರ ವಿವರಣೆ ಪ್ರಕಟವಾಯಿತು.

ಸುಮಾರು 37.5 ಕೋಟಿ ವರ್ಷ ಹಳೆಯ ಈ ಪ್ರಾಣಿಗೆ ಮೀನಿನಂತೆ ಹುರುಪೆ, ಕಿವಿರು ಮತ್ತು ರೆಕ್ಕೆಯ ಕಡ್ಡಿಗಳಿದ್ದವು. ಆದರೆ ತಲೆ ಮೊಸಳೆಯದರಂತೆ ಚಪ್ಪಟೆಯಾಗಿದ್ದು, ಕಣ್ಣುಗಳು ನೆತ್ತಿಯ ಮೇಲಿದ್ದವು. ಮೀನಿನಲ್ಲಿ ಮೂಳೆಗಳ ಸಾಲೊಂದು ತಲೆಯನ್ನು ಭುಜಕ್ಕೆ ಬಿಗಿದಿರುತ್ತದೆ. ಟಿಕ್ಟಾಲಿಕ್‌ನಲ್ಲಿ ಆ ಸಾಲು ಕಳಚಿಹೋಗಿತ್ತು. ಅಂದರೆ ಮೈ ತಿರುಗಿಸದೆ ತಲೆಯನ್ನಷ್ಟೇ ಹೊರಳಿಸಬಲ್ಲ ಕುತ್ತಿಗೆ ಅದಕ್ಕಿತ್ತು. ಮುಂದಿನ ರೆಕ್ಕೆಯೊಳಗೆ ಭುಜ, ಮೊಣಕೈ, ಮಣಿಕಟ್ಟುಗಳನ್ನು ಹೋಲುವ ಕೀಲುಗಳಿದ್ದವು. ಅವುಗಳನ್ನು ಊರಿ ಎದೆಯನ್ನು ಮೇಲೆತ್ತಲು ಸಾಧ್ಯವಿತ್ತು. 2014ರಲ್ಲಿ ವಿವರಿಸಲಾದ ಅದರ ಸೊಂಟದ ಮೂಳೆ ನಿರೀಕ್ಷೆಗಿಂತ ಬಹಳ ದೊಡ್ಡದಾಗಿತ್ತು. ಮುಂಗಾಲು ಮೊದಲು ಬಲಿಯಿತು, ಹಿಂಗಾಲು ಬಹಳ ತಡವಾಗಿ ಬಂತು ಎಂಬ ಹಳೆಯ ಎಣಿಕೆಯನ್ನು ಅದು ಸಡಿಲಿಸಿತು. ಇಷ್ಟಾದರೂ ಟಿಕ್ಟಾಲಿಕ್ ನಮ್ಮ ನೇರ ಪೂರ್ವಜ ಎಂದು ಯಾರೂ ಹೇಳುವುದಿಲ್ಲ. ಪೂರ್ವಜರ ದೇಹ ಹೇಗಿದ್ದಿರಬಹುದು ಎಂಬುದನ್ನು ತೋರಿಸುವ ಸಮೀಪದ ಬಂಧು ಅದು.

ನಮಗೆ ಐದೇ ಬೆರಳು ಏಕೆ? ಮೊದಲಿನಿಂದಲೂ ಐದೇ ಇದ್ದವೇ?

ಇರಲಿಲ್ಲ. ಬಹುಕಾಲ ಐದೇ ಮೂಲ ಸಂಖ್ಯೆ ಎಂದು ನಂಬಲಾಗಿತ್ತು. 1987ರಲ್ಲಿ ಪಳೆಯುಳಿಕೆ ತಜ್ಞೆ ಜೆನಿ ಕ್ಲ್ಯಾಕ್ ಪೂರ್ವ ಗ್ರೀನ್‌ಲೆಂಡಿನಿಂದ ತಂದ ಅಕಾಂತೊಸ್ಟೆಗಾ ಎಂಬ ಡೆವೋನಿಯನ್ ಪ್ರಾಣಿಯ ಪಳೆಯುಳಿಕೆಗಳನ್ನು ಕಲ್ಲಿನಿಂದ ಬಿಡಿಸಿದಾಗ, ಅದರ ಮುಂಗಾಲಿನಲ್ಲಿ ಎಂಟು ಬೆರಳುಗಳು ಕಂಡವು. ಮೈಕೆಲ್ ಕೋಟ್ಸ್ ಜೊತೆ ಅವರು 1990ರಲ್ಲಿ ಇದನ್ನು ಪ್ರಕಟಿಸಿದರು. ಅದೇ ಗ್ರೀನ್‌ಲೆಂಡಿನ ಇಕ್ತಿಯೊಸ್ಟೆಗಾದ ಹಿಂಗಾಲಿನಲ್ಲಿ ಏಳು, ರಷ್ಯಾದ ಟುಲೆರ್ಪಿಟಾನ್‌ನಲ್ಲಿ ಆರು ಬೆರಳುಗಳಿದ್ದವು.

ಬೆರಳಿನ ಸಂಖ್ಯೆಗಿಂತಲೂ ಮುಖ್ಯವಾದದ್ದು ಅಕಾಂತೊಸ್ಟೆಗಾದ ಉಳಿದ ದೇಹ. ಅದಕ್ಕೆ ಒಳ ಕಿವಿರುಗಳಿದ್ದವು, ಬಾಲದ ಉದ್ದಕ್ಕೂ ಕಡ್ಡಿಗಳಿದ್ದ ಅಗಲ ರೆಕ್ಕೆಯಿತ್ತು, ಮಣಿಕಟ್ಟು ಮೈಭಾರ ಹೊರುವಷ್ಟು ಬಲಿತಿರಲಿಲ್ಲ. ಎಂಟೆಂಟು ಬೆರಳುಗಳಿದ್ದರೂ ಅದು ನೆಲದ ಮೇಲೆ ನಡೆಯುವ ಪ್ರಾಣಿಯಾಗಿರಲಿಲ್ಲ. ನೀರೊಳಗಿನ ಗಿಡಗಂಟಿಗಳ ನಡುವೆ ತಳವನ್ನು ಒದ್ದುಕೊಂಡು ಸಾಗಲು ದೋಣಿಯ ಹುಟ್ಟಿನಂತೆ ಅಗಲವಾದ ಆ ಪಾದ ಒದಗುತ್ತಿತ್ತು. ನೆಲಕ್ಕೆ ಬಂದ ಮೇಲೆ ಕಾಲು ಬಂತು ಎಂಬ ನೂರು ವರ್ಷದ ನಂಬಿಕೆ ಈ ಒಂದೇ ಪ್ರಾಣಿಯಿಂದ ತಲೆಕೆಳಗಾಯಿತು. ನನ್ನ ಲೆಕ್ಕದಲ್ಲಿ ಟಿಕ್ಟಾಲಿಕ್‌ಗಿಂತ ದೊಡ್ಡ ಆವಿಷ್ಕಾರ ಇದೇ. ಹೆಸರು ಮಾತ್ರ ಅದರಷ್ಟು ಹಬ್ಬಲಿಲ್ಲ.

ಬೆರಳುಗಳು ಐದಕ್ಕೆ ನೆಲೆನಿಂತದ್ದು ಮುಂದಿನ ಕಾರ್ಬೊನಿಫೆರಸ್ ಯುಗದಲ್ಲಿ. ಭಾರ ಹೊರುವ ಗಟ್ಟಿ ಮಣಿಕಟ್ಟು, ಕಣಕಾಲುಗಳು ರೂಪುಗೊಂಡದ್ದೂ ಆಗಲೇ ಆದ್ದರಿಂದ ಎರಡಕ್ಕೂ ಸಂಬಂಧವಿರಬಹುದೆಂಬ ವಾದವಿದೆ.

ಪೋಲೆಂಡಿನಲ್ಲಿ ಟಿಕ್ಟಾಲಿಕ್‌ಗಿಂತ ಹಳೆಯ ಹೆಜ್ಜೆಗುರುತು ಸಿಕ್ಕಿದೆಯಂತೆ. ಹಾಗಾದರೆ ನೀವು ಹೇಳುವುದೆಲ್ಲ ಸುಳ್ಳಲ್ಲವೇ?

ಪ್ರಶ್ನೆ ನ್ಯಾಯವಾದದ್ದೇ. ಪೋಲೆಂಡಿನ ಜಾಹೆಲ್ಮಿಯೆ ಕಲ್ಲುಗಣಿಯಲ್ಲಿ, ಸುಮಾರು 39 ಕೋಟಿ ವರ್ಷ ಹಳೆಯ ಬಂಡೆಗಳ ಮೇಲೆ ಹೆಜ್ಜೆಸಾಲುಗಳು ಸಿಕ್ಕಿರುವುದಾಗಿ 2010ರಲ್ಲಿ ಪ್ರಕಟವಾಯಿತು. ಕೆಲವು ಗುರುತುಗಳ ಅಗಲ 26 ಸೆಂಟಿಮೀಟರ್. ಅವು ನಿಜಕ್ಕೂ ಬೆರಳುಳ್ಳ ಕಾಲಿನ ಗುರುತುಗಳಾಗಿದ್ದರೆ, ಟಿಕ್ಟಾಲಿಕ್ ಹುಟ್ಟುವ ಮೊದಲೇ ಚತುಷ್ಪಾದಿಗಳು, ಅಂದರೆ ನಾಲ್ಕು ಕಾಲಿನ ಕಶೇರುಕಗಳು, ಇದ್ದವು ಎಂದಾಗುತ್ತದೆ. ಅವು ಮೀನುಗಳು ತಳದಲ್ಲಿ ಮೇಯುವಾಗ ಅಥವಾ ಗೂಡು ತೋಡುವಾಗ ಮಾಡಿದ ಕುಳಿಗಳು ಎಂಬ ಆಕ್ಷೇಪವೂ ಇದೆ.

ಗುರುತುಗಳು ಅಸಲಿ ಎಂದೇ ಇಟ್ಟುಕೊಳ್ಳೋಣ. ಆಗ ಬದಲಾಗುವುದು ಕಾಲಪಟ್ಟಿ, ಬಂಧುತ್ವದ ಮರವಲ್ಲ. ಅಜ್ಜ ಬದುಕಿರುವಾಗಲೇ ಮೊಮ್ಮಗ ಹುಟ್ಟುವುದಿಲ್ಲವೇ? ಹಳೆಯ ರೂಪದ ಪ್ರಾಣಿಗಳು ಹೊಸವು ಬಂದ ಮೇಲೂ ಕೋಟಿಗಟ್ಟಲೆ ವರ್ಷ ಉಳಿಯಬಲ್ಲವು, ಶ್ವಾಸಕೋಶ ಮೀನು ಇಂದಿಗೂ ಉಳಿದಿದೆ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಆ ಬಂಡೆಗಳು ಸಿಹಿನೀರಿನ ನದಿಯವಲ್ಲ, ಸಮುದ್ರದಂಚಿನ ಹೂಳಿನವು. ಈ ಬದಲಾವಣೆ ನಡೆದದ್ದು ನದಿಗಳಲ್ಲೇ ಎಂಬ ಊಹೆಯನ್ನು ಅದು ಪ್ರಶ್ನಿಸುತ್ತದೆ.

ಕರ್ನಾಟಕದಲ್ಲಿ ಇಂಥ ಪಳೆಯುಳಿಕೆ ಹುಡುಕಬಾರದೇ?

ಹುಡುಕಿ ಫಲವಿಲ್ಲ. ನಮ್ಮ ರಾಜ್ಯದ ಬಹುಭಾಗದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯ ಧಾರವಾಡ ಶಿಲೆಗಳು ಮತ್ತು ನೈಸ್ ಎಂಬ ರೂಪಾಂತರ ಶಿಲೆಗಳು. ಕಲಾದಗಿ, ಭೀಮಾ ಪ್ರದೇಶಗಳ ಪದರಶಿಲೆಗಳೂ ಕಶೇರುಕಗಳು ಹುಟ್ಟುವುದಕ್ಕೆ ಮೊದಲಿನವು. ಉತ್ತರದ ಕಪ್ಪು ಬಸಾಲ್ಟ್ ಕೇವಲ 6.6 ಕೋಟಿ ವರ್ಷಗಳ ಆಸುಪಾಸಿನದು. ಡೆವೋನಿಯನ್ ಹೂಳು ನಮ್ಮಲ್ಲಿ ಉಳಿದಿಲ್ಲ. ಭಾರತದಲ್ಲಿ ಅದನ್ನು ನೋಡಲು ಹಿಮಾಲಯಕ್ಕೆ ಹೋಗಬೇಕು: ಸ್ಪಿತಿಯ ಪಿನ್ ಕಣಿವೆಯ ಆ ಯುಗದ ಬಂಡೆಗಳ ಮೇಲೆ ಸಂಧಿಪದಿಗಳು ನಡೆದ ಗುರುತುಗಳಿವೆ. ಭಾರತವೂ ಸೇರಿದ್ದ ಪ್ರಾಚೀನ ಭೂಖಂಡ ಗೊಂಡ್ವಾನಾದ ಬೇರೆ ತುಂಡುಗಳಲ್ಲಿ ಅದೃಷ್ಟ ಒಲಿದಿದೆ. ದಕ್ಷಿಣ ಆಫ್ರಿಕಾದಿಂದ 2018ರಲ್ಲಿ ಎರಡು ಡೆವೋನಿಯನ್ ಚತುಷ್ಪಾದಿಗಳು ವರದಿಯಾದವು. ಆ ಸ್ಥಳ ಅಂದು ದಕ್ಷಿಣ ಧ್ರುವವೃತ್ತದೊಳಗಿತ್ತು. ಬೆಚ್ಚಗಿನ ನಾಡಿನಲ್ಲಷ್ಟೇ ಅವು ಇದ್ದವು ಎನ್ನುವಂತಿಲ್ಲ.

## ದೇಹದಲ್ಲಾದ ಬದಲಾವಣೆ

ನೀರಿನಲ್ಲೇ ಇದ್ದ ಮೀನಿಗೆ ಶ್ವಾಸಕೋಶ ಯಾಕೆ ಬೇಕಿತ್ತು?

ಒಂದು ಲೀಟರ್ ಗಾಳಿಯಲ್ಲಿ ಸುಮಾರು 210 ಮಿಲಿಲೀಟರ್ ಆಮ್ಲಜನಕವಿರುತ್ತದೆ. ಬೆಚ್ಚಗಿನ ಸಿಹಿನೀರಿನಲ್ಲಿ ಹೆಚ್ಚೆಂದರೆ ಸುಮಾರು 6 ಮಿಲಿಲೀಟರ್. ಎಲೆ ಕೊಳೆಯುವ ನಿಂತ ನೀರಿನಲ್ಲಿ ಅದೂ ಇರುವುದಿಲ್ಲ. ಅಂಥ ಕಡೆ ಮೇಲೆ ಬಂದು ಗಾಳಿ ಗುಟುಕರಿಸುವ ಮೀನೇ ಬದುಕುತ್ತದೆ. ಹಾಗಾಗಿ ಶ್ವಾಸಕೋಶ ಕಾಲಿಗಿಂತ ಬಹಳ ಹಳೆಯದು, ಮೂಳೆಮೀನುಗಳ ಎರಡೂ ಕವಲುಗಳ ಸಮಾನ ಪೂರ್ವಜನಲ್ಲೇ ಅದು ಇತ್ತು. ಮೀನಿನ ವಾಯುಚೀಲದಿಂದ ಶ್ವಾಸಕೋಶ ಬಂತೆಂದು ಡಾರ್ವಿನ್ ಭಾವಿಸಿದ್ದರು; ಈಗ ತಿಳಿದಿರುವಂತೆ ನಡೆದದ್ದು ಅದರ ವಿರುದ್ಧ ದಿಕ್ಕಿನಲ್ಲಿ. ಕಾಟ್ಲಾದಂಥ ಮೀನುಗಳ ವಾಯುಚೀಲವೇ ಹಳೆಯ ಶ್ವಾಸಕೋಶದ ಬದಲಾದ ರೂಪ.

ನೀರಿನಲ್ಲಿ ಸುಖವಾಗಿದ್ದವು ಹೊರಗೆ ಬಂದದ್ದಾದರೂ ಏಕೆ?

ಪಳೆಯುಳಿಕೆ ತಜ್ಞ ಆಲ್ಫ್ರೆಡ್ ರೋಮರ್ ಪ್ರಚುರಪಡಿಸಿದ ಉತ್ತರ ದಶಕಗಳ ಕಾಲ ಪಠ್ಯಗಳಲ್ಲಿತ್ತು: ಬರಗಾಲದಲ್ಲಿ ಕೊಳ ಬತ್ತುತ್ತಿತ್ತು, ಮತ್ತೊಂದು ಕೊಳ ಸೇರಬಲ್ಲ ಮೀನು ಉಳಿಯುತ್ತಿತ್ತು, ಆದ್ದರಿಂದ ನೀರಿನಲ್ಲೇ ಉಳಿಯಲಿಕ್ಕೆ ಕಾಲು ಬೇಕಾಯಿತು. ಕೇಳಲು ಚೆಂದದ ತರ್ಕ. ಆದರೆ ಮೊದಲ ಕಾಲುಗಳ ಒಡೆಯರಿಗೆ ನೆಲದ ಮೇಲೆ ನಡೆಯುವ ಶಕ್ತಿಯೇ ಇರಲಿಲ್ಲ ಎಂದು ತಿಳಿದ ಮೇಲೆ ಅದು ನಿಲ್ಲಲಿಲ್ಲ.

ಈಗ ಒಂದೇ ಕಾರಣವನ್ನು ಹುಡುಕುವುದು ಕಡಿಮೆಯಾಗಿದೆ, ಆಗಬೇಕಾದದ್ದೂ ಅದೇ. ಆಳವಿಲ್ಲದ, ಕೊಂಬೆರೆಂಬೆ ತುಂಬಿದ ಅಂಚಿನ ನೀರಿನಲ್ಲಿ ದೊಡ್ಡ ಬೇಟೆಮೀನುಗಳ ಕಾಟ ಕಡಿಮೆ, ಅಲ್ಲಿ ಈಜುವುದಕ್ಕಿಂತ ಒತ್ತಿಕೊಂಡು ಸಾಗುವುದು ಸುಲಭ. ಹುಳುಹುಪ್ಪಟೆಗಳು ದಡದಲ್ಲೇ ಇದ್ದವು, ಅವುಗಳಿಗೆ ಕಶೇರುಕ ಶತ್ರುಗಳಿರಲಿಲ್ಲ. ಉಬ್ಬರವಿಳಿತ ಹೆಚ್ಚಾಗಿದ್ದ ಕರಾವಳಿಗಳಲ್ಲಿ ಗುಂಡಿಗಳಲ್ಲಿ ಸಿಕ್ಕಿಬಿದ್ದ ಮೀನುಗಳ ಪಾಡನ್ನೂ ಲೆಕ್ಕಕ್ಕೆ ಹಿಡಿಯಲಾಗುತ್ತಿದೆ. 2017ರ ಒಂದು ಅಧ್ಯಯನ ಇನ್ನೊಂದು ಸುಳಿವು ಕೊಟ್ಟಿತು: ಪಳೆಯುಳಿಕೆಗಳ ಕಣ್ಣಿನ ಗೂಡುಗಳನ್ನು ಅಳೆದಾಗ, ಕಾಲುಗಳು ಪೂರ್ಣವಾಗುವ ಮೊದಲೇ ಕಣ್ಣು ಸುಮಾರು ಮೂರುಪಟ್ಟು ಹಿಗ್ಗಿರುವುದು ಕಂಡಿತು. ಮಬ್ಬು ನೀರಿನಲ್ಲಿ ದೊಡ್ಡ ಕಣ್ಣಿನಿಂದ ಹೆಚ್ಚೇನೂ ಕಾಣದು. ಗಾಳಿಯಲ್ಲಾದರೆ ಬಹುದೂರ ಕಾಣುತ್ತದೆ. ಮೊಸಳೆಯಂತೆ ಕಣ್ಣನ್ನಷ್ಟೇ ನೀರಿನ ಮೇಲಿಟ್ಟುಕೊಂಡು ದಡದ ಆಹಾರವನ್ನು ನೋಡುತ್ತಿದ್ದ ಪ್ರಾಣಿಗಳು ಅವು ಎಂಬ ಊಹೆ ನನಗೆ ಒಪ್ಪಿಗೆಯಾಗುತ್ತದೆ, ಏಕೆಂದರೆ ಟಿಕ್ಟಾಲಿಕ್‌ನ ತಲೆ ಅದಕ್ಕೆ ಸರಿಹೊಂದುತ್ತದೆ.

ಉಸಿರಾಟದ ಸಮಸ್ಯೆ ಇರಲಿಲ್ಲ ಎಂದಾದರೆ ಬೇರೆ ಕಷ್ಟಗಳೇನಿದ್ದವು?

ಮೊದಲನೆಯದು ಭಾರ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದ್ದರಿಂದ ಅದೇ ಮೈಯನ್ನು ಎತ್ತಿ ಹಿಡಿಯುತ್ತದೆ. ಹೊರಗೆ ಬಂದರೆ ಬೆನ್ನುಮೂಳೆಯ ಮಣಿಗಳು ಒಂದನ್ನೊಂದು ಹಿಡಿದುಕೊಳ್ಳಬೇಕು, ಪಕ್ಕೆಲುಬುಗಳು ಎದೆ ಕುಸಿಯದಂತೆ ತಡೆಯಬೇಕು, ಸೊಂಟ ಬೆನ್ನುಮೂಳೆಗೆ ಬೆಸೆಯಬೇಕು. ಇಕ್ತಿಯೊಸ್ಟೆಗಾಕ್ಕೆ ದಪ್ಪ ಪಕ್ಕೆಲುಬುಗಳಿದ್ದವು, ಆದರೆ ಅದರ ಕೀಲುಗಳು ತಿರುಗಬಲ್ಲ ಮಿತಿಯನ್ನು 2012ರಲ್ಲಿ ಕಂಪ್ಯೂಟರ್ ಮಾದರಿಯಿಂದ ಪರೀಕ್ಷಿಸಿದಾಗ, ನಾಲ್ಕು ಕಾಲುಗಳನ್ನು ಸರದಿಯಂತೆ ಇಟ್ಟು ನಡೆಯಲು ಅದಕ್ಕೆ ಆಗುತ್ತಿರಲಿಲ್ಲ ಎಂದು ತಿಳಿಯಿತು. ಮುಂಗಾಲುಗಳನ್ನು ಊರುಗೋಲಿನಂತೆ ಊರಿ ಮೈ ಎಳೆದುಕೊಂಡು ಹೋಗುತ್ತಿದ್ದಿರಬೇಕು.

ಎರಡನೆಯದು ತಿನ್ನುವುದು. ಮೀನು ಬಾಯಿ ತೆರೆದು ನೀರಿನೊಡನೆ ಬೇಟೆಯನ್ನು ಒಳಗೆಳೆದುಕೊಳ್ಳುತ್ತದೆ. ಗಾಳಿಯಲ್ಲಿ ಇದು ನಡೆಯದು, ಕಚ್ಚಿ ಹಿಡಿಯಲೇಬೇಕು. ಮೂರನೆಯದು ಕೇಳುವುದು. ಮೀನಿನ ದವಡೆಗೆ ಆಸರೆಯಾಗಿದ್ದ ಮೂಳೆಯೊಂದು ಕ್ರಮೇಣ ನಮ್ಮ ಕಿವಿಯೊಳಗಿನ ಸ್ಟೇಪಿಸ್ ಮೂಳೆಯಾಯಿತು. ಅಕಾಂತೊಸ್ಟೆಗಾದಲ್ಲಿ ಅದು ಇನ್ನೂ ದಪ್ಪನೆಯ ಆಸರೆಯೇ ಆಗಿತ್ತು. ಕಿವಿಯ ತಮಟೆ ಬಂದದ್ದು ಬಹಳ ತಡವಾಗಿ, ಅದೂ ಬೇರೆ ಬೇರೆ ಕವಲುಗಳಲ್ಲಿ ಪ್ರತ್ಯೇಕವಾಗಿ. ನೆಲಕ್ಕೆ ಬಂದ ಮೊದಲ ಪೀಳಿಗೆಗಳಿಗೆ ಗಾಳಿಯ ಸದ್ದು ಅಷ್ಟಾಗಿ ಕೇಳುತ್ತಿರಲಿಲ್ಲ.

ಕಪ್ಪೆ ಇಂದಿಗೂ ಮೊಟ್ಟೆಗೆ ನೀರು ಹುಡುಕುತ್ತದೆ, ಹಲ್ಲಿಗೆ ಬೇಡ. ಈ ವ್ಯತ್ಯಾಸ ಯಾವಾಗ ಬಂತು?

ಹಲ್ಲಿ, ಹಕ್ಕಿ ಮತ್ತು ಸಸ್ತನಿಗಳ ಭ್ರೂಣ ತನ್ನದೇ ಪೊರೆಗಳೊಳಗೆ ದ್ರವದಲ್ಲಿ ತೇಲುತ್ತದೆ. ಉಸಿರಾಟಕ್ಕೆ, ತ್ಯಾಜ್ಯಕ್ಕೆ ಬೇರೆ ಪೊರೆಗಳಿರುತ್ತವೆ. ಇಂಥ ಪ್ರಾಣಿಗಳಲ್ಲಿ ಖಚಿತವಾಗಿ ಗುರುತಿಸಲಾದ ಅತಿ ಹಳೆಯ ಅಸ್ಥಿಗಳಲ್ಲಿ ಒಂದು ಹೈಲೊನೋಮಸ್‌ನದು, ಸುಮಾರು 31.8 ಕೋಟಿ ವರ್ಷ ಹಿಂದಿನದು. ಕೆನಡಾದ ಜಾಗಿನ್ಸ್‌ನಲ್ಲಿ ಟೊಳ್ಳಾದ ಮರದ ಬೊಡ್ಡೆಗಳೊಳಗೆ ಅದರ ಎಲುಬುಗಳು ಸಿಕ್ಕವು. ನೀರನ್ನು ಬಿಡಲು ಇದೊಂದೇ ದಾರಿಯಲ್ಲ. ನಮ್ಮ ಪಶ್ಚಿಮ ಘಟ್ಟದ ಪೊದೆಗಪ್ಪೆಗಳು ಎಲೆ, ಬಿದಿರು ಅಥವಾ ತೇವದ ಮಣ್ಣಿನಲ್ಲಿ ಮೊಟ್ಟೆಯಿಡುತ್ತವೆ. ಗೊದಮೊಟ್ಟೆಯ ಹಂತ ಮೊಟ್ಟೆಯೊಳಗೇ ಮುಗಿದು ಪುಟ್ಟ ಕಪ್ಪೆಯೇ ಹೊರಬರುತ್ತದೆ.

## ಇನ್ನಷ್ಟು ಆಳಕ್ಕೆ ಇಳಿಯುವವರಿಗೆ

ರೆಕ್ಕೆಯ ಕಡ್ಡಿಗಳೇ ಬೆರಳುಗಳಾದವೇ, ಅಥವಾ ಬೆರಳು ಪೂರ್ತಿ ಹೊಸದೇ?

ಕಡ್ಡಿ ಮತ್ತು ಬೆರಳು ಬೇರೆ ಬಗೆಯ ಮೂಳೆಗಳು: ಕಡ್ಡಿ ಚರ್ಮದಲ್ಲಿ ನೇರವಾಗಿ ಹುಟ್ಟುತ್ತದೆ, ಬೆರಳು ಮೊದಲು ಮೃದ್ವಸ್ಥಿಯಾಗಿ ಆಮೇಲೆ ಮೂಳೆಯಾಗುತ್ತದೆ. ಆದ್ದರಿಂದ ಬೆರಳು ಪೂರ್ಣ ಹೊಸತು ಎಂಬ ವಾದ ಬಲವಾಗಿತ್ತು. ಇಲಿಗಳಲ್ಲಿ ಹಾಕ್ಸ್-13 ಗುಂಪಿನ ಎರಡು ಜೀನ್‌ಗಳನ್ನು ಕೆಡಿಸಿದರೆ ಬೆರಳುಗಳು ಮೂಡುವುದಿಲ್ಲ. 2016ರಲ್ಲಿ ಶುಬಿನ್ ಅವರ ಪ್ರಯೋಗಾಲಯ ಅದೇ ಗುಂಪಿನ ಜೀನ್‌ಗಳನ್ನು ಜೀಬ್ರಾಮೀನಿನಲ್ಲಿ ಕೆಡಿಸಿದಾಗ ರೆಕ್ಕೆಯ ಕಡ್ಡಿಗಳು ಕುಗ್ಗಿದವು, ಒಳಗಿನ ಸಣ್ಣ ಮೂಳೆಗಳು ಹೆಚ್ಚಿದವು. ಅಂದರೆ ಕಡ್ಡಿ ಬೆರಳಾಗಿ ಮಾರ್ಪಡಲಿಲ್ಲ, ಆದರೆ ಎರಡನ್ನೂ ರೂಪಿಸುವ ಜೀನ್‌ಗಳ ವ್ಯವಸ್ಥೆ ಒಂದೇ. ಕೆನಡಾದ ಮಿಗುವಾಶಾದಲ್ಲಿ ಸಿಕ್ಕ, 2020ರಲ್ಲಿ ವಿವರಿಸಲಾದ 1.57 ಮೀಟರ್ ಉದ್ದದ ಎಲ್ಪಿಸ್ಟೊಸ್ಟೆಗೆ ಇದಕ್ಕೆ ಮೂಳೆಯ ಸಾಕ್ಷ್ಯ ಒದಗಿಸಿತು: ಅದರ ರೆಕ್ಕೆಯೊಳಗೆ ಬೆರಳಿನ ಮೂಳೆಗಳಂಥ ಸಾಲುಗಳಿದ್ದವು, ಹೊರಗೆ ಕಡ್ಡಿಗಳೂ ಇದ್ದವು.

ಮೀನನ್ನು ನೆಲದ ಮೇಲೆ ಸಾಕಿದರೆ ಅದರ ಮೂಳೆ ಬದಲಾಯಿತಂತೆ. ಹಾಗಾದರೆ ಲಮಾರ್ಕ್ ಹೇಳಿದ್ದೇ ಸರಿಯಾಯಿತಲ್ಲ?

2014ರ ಪ್ರಯೋಗದಲ್ಲಿ ಗಾಳಿ ಉಸಿರಾಡಬಲ್ಲ ಬಿಚಿರ್ ಮರಿಗಳನ್ನು ಎಂಟು ತಿಂಗಳು ತೇವದ ನೆಲದ ಮೇಲೆ ಬೆಳೆಸಲಾಯಿತು. ಅವು ರೆಕ್ಕೆಗಳನ್ನು ಮೈಗೆ ಹತ್ತಿರವಾಗಿ ಊರಿ, ತಲೆ ಮೇಲೆತ್ತಿ, ಕಡಿಮೆ ಜಾರುತ್ತಾ ನಡೆಯತೊಡಗಿದವು. ಭುಜದ ಮೂಳೆಗಳ ಆಕಾರವೂ ಬದಲಾಯಿತು. ಬದುಕಿನಲ್ಲಿ ಗಳಿಸಿದ ಇಂಥ ಬದಲಾವಣೆ ಮುಂದಿನ ಪೀಳಿಗೆಗೆ ದಾಟುತ್ತದೆ ಎಂಬುದು ಲಮಾರ್ಕ್‌ನ ವಾದ. ಆದರೆ ಇಲ್ಲಿ ಅದು ಮುಂದಿನ ಪೀಳಿಗೆಗೆ ದಾಟಿತೆಂದು ಪ್ರಯೋಗ ಹೇಳುವುದಿಲ್ಲ. ಒಂದೇ ಜೀನೋಮ್ ಬೇರೆ ಪರಿಸರದಲ್ಲಿ ಬೇರೆ ದೇಹ ಕಟ್ಟಬಲ್ಲದು ಎಂಬುದಷ್ಟೇ ತೋರಿತು. ಹಾಗೆ ಬದುಕಿ ಉಳಿದವುಗಳ ನಡುವೆ, ಆ ದೇಹವನ್ನು ಇನ್ನೂ ಚೆನ್ನಾಗಿ ಕಟ್ಟುವ ಆನುವಂಶಿಕ ಭೇದಗಳನ್ನು ನಿಸರ್ಗದ ಆಯ್ಕೆ ಹೆಕ್ಕಬಹುದು. ಇದು ಡಾರ್ವಿನ್‌ನ ದಾರಿಯೇ.

ರೋಮರ್ ಅಂತರ ಎಂದರೇನು? ಅದು ತುಂಬಿತೇ?

ಡೆವೋನಿಯನ್ ಮುಗಿದ ಮೇಲೆ ಸುಮಾರು 36 ಕೋಟಿಯಿಂದ 34.5 ಕೋಟಿ ವರ್ಷಗಳ ಹಿಂದಿನವರೆಗೆ ಚತುಷ್ಪಾದಿಗಳ ಪಳೆಯುಳಿಕೆ ಬಹುತೇಕ ಇರಲಿಲ್ಲ. ಆಚೆ ಬದಿ ನೀರಿನಲ್ಲಿ ಒದ್ದಾಡುವ ಅಕಾಂತೊಸ್ಟೆಗಾ, ಈಚೆ ಬದಿ ನೆಲದ ಮೇಲೆ ಓಡಾಡುವ ಬಗೆಬಗೆಯ ಪ್ರಾಣಿಗಳು. ಮುಖ್ಯ ಘಟನೆ ನಡೆದದ್ದೇ ಈ ಕತ್ತಲ ಕಾಲದಲ್ಲಿ. ಸ್ಕಾಟ್ಲೆಂಡಿನಲ್ಲಿ 1971ರಲ್ಲಿ ಸಿಕ್ಕು, ಮೀನೆಂದು ತಪ್ಪಾಗಿ ಪಟ್ಟಿಯಾಗಿದ್ದ ಒಂದು ಅಸ್ಥಿಪಂಜರವನ್ನು 2002ರಲ್ಲಿ ಕ್ಲ್ಯಾಕ್ ಪೆಡೆರ್ಪಿಸ್ ಎಂದು ಹೆಸರಿಸಿದರು. ಅದರ ಪಾದ ಪಕ್ಕಕ್ಕಲ್ಲ, ಮುಂದಕ್ಕೆ ತಿರುಗಿತ್ತು. ಅದು ನಡೆಯುವ ಪಾದ. ಆಮೇಲೆ ಸ್ಕಾಟ್ಲೆಂಡಿನ ಅದೇ ಕಾಲದ ಪದರಗಳಿಂದ ಇನ್ನಷ್ಟು ಪ್ರಾಣಿಗಳು ಬಂದಿವೆ. ಅಂತರ ಪ್ರಾಣಿಗಳದ್ದಲ್ಲ, ಬಹುಮಟ್ಟಿಗೆ ನಮ್ಮ ಹುಡುಕಾಟದ್ದು.

ಎಲ್ಲವೂ ನೆಲದ ಕಡೆಗೇ ಹೊರಟಿದ್ದವೇ?

ಇಲ್ಲ. ಟಿಕ್ಟಾಲಿಕ್ ಸಿಕ್ಕ ದ್ವೀಪದಲ್ಲೇ 2004ರಲ್ಲಿ ದೊರೆತು, 2022ರಲ್ಲಿ ವಿವರಿಸಲಾದ ಕಿಕಿಕ್ತಾನಿಯಾ ಅದರ ಹತ್ತಿರದ ಬಂಧು. ಅದರ ತೋಳಿನ ಮೂಳೆ ನುಣುಪಾಗಿತ್ತು, ಮೈ ಎತ್ತಲು ಬೇಕಾದ ಸ್ನಾಯುಗಳು ಅಂಟುವ ಏಣುಗಳು ಇರಲಿಲ್ಲ. ಊರಿ ನಿಲ್ಲುವುದನ್ನು ಬಿಟ್ಟು ಅದು ಮತ್ತೆ ತೆರೆದ ನೀರಿನ ಈಜಿಗೆ ಮರಳಿತ್ತು.

ಯಾವ ಪಳೆಯುಳಿಕೆ ಸಿಕ್ಕರೆ ನಿಮ್ಮ ಈ ಕಥೆ ಬದಲಾದೀತು?

ಎರಡು ಕಡೆ ಬದಲಾವಣೆಗೆ ಜಾಗವಿದೆ. ಜಾಹೆಲ್ಮಿಯೆಯ ಕಾಲದ ಕಡಲಂಚಿನ ಬಂಡೆಗಳಲ್ಲಿ ಬೆರಳುಳ್ಳ ಪ್ರಾಣಿಯ ಅಸ್ಥಿಪಂಜರವೇ ಸಿಕ್ಕರೆ ಆರಂಭದ ದಿನಾಂಕವೂ ಸ್ಥಳವೂ ಹಿಂದಕ್ಕೆ ಸರಿಯುತ್ತವೆ. ಇನ್ನೊಂದು ತುದಿಯಲ್ಲಿ, ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ ಸಿಕ್ಕ ಸುಮಾರು 35.6 ಕೋಟಿ ವರ್ಷ ಹಳೆಯ ಕಲ್ಲುಚಪ್ಪಡಿಯ ಮೇಲೆ ಉಗುರಿನ ಗೀರುಗಳಿರುವ ಹೆಜ್ಜೆಗಳಿವೆ ಎಂದು 2025ರಲ್ಲಿ ವರದಿಯಾಯಿತು. ಉಗುರು ಇರುವುದು ಸಾಮಾನ್ಯವಾಗಿ ಸರೀಸೃಪ, ಹಕ್ಕಿ, ಸಸ್ತನಿಗಳ ಕವಲಿನಲ್ಲಿ. ಆ ಓದು ಸರಿಯಾದರೆ ಹೈಲೊನೋಮಸ್‌ನ ವಂಶ 3.5 ಕೋಟಿ ವರ್ಷಕ್ಕೂ ಹೆಚ್ಚು ಹಿಂದಕ್ಕೆ ಹೋಗುತ್ತದೆ, ನೀರಿನಿಂದ ನೆಲಕ್ಕೆ ಪೂರ್ತಿ ಬಿಡುಗಡೆಯಾಗಲು ತೆಗೆದುಕೊಂಡ ಕಾಲ ಬಹಳ ಕಿರಿದಾಗುತ್ತದೆ. ಹೆಜ್ಜೆ ಮಾತ್ರ ಸಿಕ್ಕಿದೆ, ಎಲುಬು ಸಿಕ್ಕಿಲ್ಲ. ಎಲುಬು ಸಿಗುವವರೆಗೆ ಈ ಪುಟದ ಮೊದಲ ಉತ್ತರದಲ್ಲಿರುವ 32 ಕೋಟಿಯನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.